‘ಅಂಕಲ್ ಟಾಮ್’ ಎಂದು ಬರೆಯುವ ಮುನ್ನ: ಒಂದು ಹೆಸರು ಬೈಗುಳವಾದ ಬಗೆ, ಅದನ್ನು ಕನ್ನಡಕ್ಕೆ ತರುವ ಬಗೆ

ಅಮೆರಿಕದ ಕಪ್ಪು ಜನರ ಆತ್ಮಕಥೆ, ಭಾಷಣ, ಸಿನಿಮಾ, ಬಾಕ್ಸಿಂಗ್ ವರದಿ, ಯಾವುದನ್ನು ಕನ್ನಡಕ್ಕೆ ತರಲು ಕೂತರೂ ಎಲ್ಲೋ ಒಂದು ಕಡೆ ‘ಅಂಕಲ್ ಟಾಮ್’ ಎದುರಾಗುತ್ತದೆ, ಸಾಮಾನ್ಯವಾಗಿ ಬಿಳಿಯರ ಮರ್ಜಿಗೆ ತನ್ನವರನ್ನು ಬಿಟ್ಟುಕೊಟ್ಟವನು ಎಂಬ ಬೈಗುಳವಾಗಿ. ಆಗ ಕೈಗೆ ಸಿಗುವ ಸುಲಭದ ದಾರಿ ಎರಡು. ‘ಟಾಮ್ ಮಾಮ’ ಎಂದು ಬರೆದು ಮುಂದೆ ಹೋಗುವುದು ಒಂದು. ಪುಟದ ಕೆಳಗೆ ‘ಸ್ಟೋ ಬರೆದ ಕಾದಂಬರಿಯ ಹೇಡಿ ಗುಲಾಮ, ಬಿಳಿಯರ ಕಾಲಿಗೆ ಬಿದ್ದವನು’ ಎಂದು ಟಿಪ್ಪಣಿ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಬೈಗುಳವೇ ಕಳೆದುಹೋಗುತ್ತದೆ, ಊರಿನಿಂದ ಯಾರೋ ಸೋದರಮಾವ ಬಂದ ಹಾಗೆ ಕೇಳಿಸುತ್ತದೆ. ಎರಡನೆಯದು ಶುದ್ಧ ತಪ್ಪು. ಕಾದಂಬರಿಯ ಟಾಮ್ ಸಾಯುವುದೇ ಧಣಿಯ ಅಪ್ಪಣೆ ಮೀರಿದ್ದಕ್ಕೆ.

ಈ ಒಂದು ಹೆಸರಿನ ಹಿಂದೆ ಮೂವರಿದ್ದಾರೆ: 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಎಂಬ ಪುಸ್ತಕದವನು, ಅದರ ಬೆನ್ನಿಗೇ ಹುಟ್ಟಿದ ನಾಟಕದವನು, 20ನೇ ಶತಮಾನದ ಜಗಳದವನು. ನಿಮ್ಮ ಪಠ್ಯದಲ್ಲಿ ಮಾತಿಗೆ ಬಂದಿರುವವನು ಇವರಲ್ಲಿ ಯಾರು ಎಂದು ಗೊತ್ತುಮಾಡಿಕೊಂಡ ಮೇಲೆಯೇ ಕನ್ನಡ ಪದಕ್ಕೆ ಕೈಹಾಕಬೇಕು. ಅನುವಾದಕರು, ಉಪಶೀರ್ಷಿಕೆ ಬರೆಯುವವರು, ಪತ್ರಿಕೆಯ ವಿದೇಶ ಪುಟ ನೋಡುವವರು, ಅಮೆರಿಕನ್ ಸಾಹಿತ್ಯ ಪಾಠ ಮಾಡುವವರು, ಎಲ್ಲರಿಗೂ ಕೆಲಸದ ಕ್ರಮ ಇದೇ.

ಮೊದಲು ಪುಸ್ತಕದ ಟಾಮ್

ಹ್ಯಾರಿಯೆಟ್ ಬೀಚರ್ ಸ್ಟೋ ಈ ಕಥೆಯನ್ನು ವಾಷಿಂಗ್ಟನ್ನಿನ ‘ನ್ಯಾಷನಲ್ ಎರಾ’ ಎಂಬ ಗುಲಾಮಗಿರಿ ವಿರೋಧಿ ವಾರಪತ್ರಿಕೆಯಲ್ಲಿ 1851ರ ಜೂನ್‌ನಿಂದ 1852ರ ಏಪ್ರಿಲ್‌ವರೆಗೆ ಧಾರಾವಾಹಿಯಾಗಿ ಬರೆದರು. ಧಾರಾವಾಹಿ ಮುಗಿಯುವ ಮೊದಲೇ, 1852ರ ಮಾರ್ಚ್ 20ರಂದು, ಬಾಸ್ಟನ್ನಿನಲ್ಲಿ ಎರಡು ಸಂಪುಟಗಳಾಗಿ ಪುಸ್ತಕ ಹೊರಬಂತು. ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಮೂರು ಲಕ್ಷ ಪ್ರತಿ ಖರ್ಚಾಯಿತು.

ಒಟ್ಟು 45 ಅಧ್ಯಾಯ. ಪೂರ್ತಿ ಓದಲು ಬಿಡುವಿಲ್ಲದಿದ್ದರೆ 4, 5, 33 ಮತ್ತು 40ನೇ ಅಧ್ಯಾಯಗಳನ್ನಾದರೂ ಓದಿ. ಸಾರಾಂಶದ ಪುಸ್ತಕಗಳನ್ನು ನಂಬಿ ಕೂರಬೇಡಿ. ಅವುಗಳಲ್ಲಿ ನಾಟಕದ ಟಾಮ್ ಆಗಲೇ ನುಸುಳಿರುತ್ತಾನೆ.

4ನೇ ಅಧ್ಯಾಯದಲ್ಲಿ ಟಾಮ್ ಮೊದಲ ಸಲ ಕಣ್ಣೆದುರು ಬರುವಾಗ ಅವನು ಎತ್ತರದ, ಅಗಲ ಎದೆಯ, ಕಟ್ಟುಮಸ್ತಾದ ಆಳು. ಗುಡಿಸಲಲ್ಲಿ ಕೈಗೂಸಿದೆ. ಅವನ ವಯಸ್ಸನ್ನು ನೀವೇ ಲೆಕ್ಕ ಹಾಕಬಹುದು. ಧಣಿ ಷೆಲ್ಬಿಗೆ ಅವನು ಒಮ್ಮೆ ಹೇಳುತ್ತಾನೆ: ಅಮ್ಮನವರು ನಿಮ್ಮನ್ನು ನನ್ನ ಕೈಗೆ ಕೊಟ್ಟಾಗ ನನಗೆ ಎಂಟು ವರ್ಷ, ನಿಮಗಿನ್ನೂ ಒಂದು ತುಂಬಿರಲಿಲ್ಲ. ಅಂದರೆ ಧಣಿಗಿಂತ ಏಳೆಂಟು ವರ್ಷ ದೊಡ್ಡವನು. ಆ ಧಣಿಯ ಮಗ ಜಾರ್ಜ್‌ಗೆ ಕಥೆ ಶುರುವಾಗುವಾಗ 13. ಹೇಗೆ ಎಣಿಸಿದರೂ ಟಾಮ್ ನಡುವಯಸ್ಸಿನವನು. ಬೆನ್ನು ಬಾಗಿದ, ತಲೆ ನೆರೆತ, ಕೋಲೂರಿದ ಮುದುಕ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮುಖಪುಟಕ್ಕೆ ಚಿತ್ರ ಬರೆಸುವವರು ಇದನ್ನು ಕಲಾವಿದರಿಗೆ ಮೊದಲೇ ಹೇಳಿಬಿಡಬೇಕು.

5ನೇ ಅಧ್ಯಾಯ ಇನ್ನೊಂದು ಆರೋಪಕ್ಕೆ ಉತ್ತರ ಕೊಡುತ್ತದೆ. ತನ್ನ ಮಗನನ್ನೂ ಟಾಮ್‌ನನ್ನೂ ಮಾರಿದ್ದಾರೆ ಎಂದು ರಾತ್ರಿ ಗೊತ್ತಾದಾಗ ಅದೇ ಮನೆಯ ಗುಲಾಮ ಹೆಂಗಸು ಎಲೈಜಾ ಮಗುವನ್ನೆತ್ತಿಕೊಂಡು ಓಡಿಹೋಗುತ್ತಾಳೆ, ಟಾಮ್ ಓಡುವುದಿಲ್ಲ. ಇದನ್ನೇ ಹಿಡಿದು ‘ನೋಡಿ, ಗುಲಾಮ ಬುದ್ಧಿ’ ಎನ್ನುತ್ತಾರೆ. ಆದರೆ ಅವನು ಕೊಡುವ ಕಾರಣವನ್ನು ಓದಿ: ನಾನು ಓಡಿದರೆ ಇಲ್ಲಿರುವವರನ್ನೆಲ್ಲ ಮಾರಬೇಕಾಗುತ್ತದೆ, ಅದರ ಬದಲು ನಾನೊಬ್ಬ ಹೋಗುತ್ತೇನೆ. ಅದೇ ಉಸಿರಿನಲ್ಲಿ, ಎಲೈಜಾ ಹೋಗಲಿ, ಅದು ಅವಳ ಹಕ್ಕು ಎಂದೂ ಹೇಳುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು 33ನೇ ಅಧ್ಯಾಯ. ಲೂಯಿಸಿಯಾನಾದಲ್ಲಿ ರೆಡ್ ನದಿಯ ಕಡೆಯ ಹತ್ತಿ ತೋಟ, ಟಾಮ್‌ನನ್ನು ಈಗ ಕೊಂಡಿರುವ ಧಣಿ ಸೈಮನ್ ಲೆಗ್ರಿ. ಲೂಸಿ ಎಂಬ ಹೆಂಗಸಿಗೆ ಮೈಯಲ್ಲಿ ಹುಷಾರಿಲ್ಲ, ಹತ್ತಿ ಬಿಡಿಸಲು ಕೈ ಏಳುತ್ತಿಲ್ಲ. ಟಾಮ್ ತನ್ನ ಚೀಲದಿಂದ ಹಿಡಿ ಹಿಡಿ ಹತ್ತಿ ತೆಗೆದು ಅವಳ ಚೀಲಕ್ಕೆ ಹಾಕುತ್ತಾನೆ. ಸಂಜೆ ಬುಟ್ಟಿಗಳ ತೂಕ. ಅವಳ ಬುಟ್ಟಿ ತೂಕಕ್ಕೆ ಸರಿಯಾಗಿಯೇ ಇದೆ, ಲೆಗ್ರಿಗೆ ಅದು ಕಾಣುತ್ತಲೂ ಇದೆ, ಆದರೂ ಕಮ್ಮಿ ಎಂದು ಸುಳ್ಳೇ ಗದರುತ್ತಾನೆ. ಆಮೇಲೆ ಟಾಮ್‌ನನ್ನು ಕರೆದು, ನಿನಗೆ ಬಡ್ತಿ ಕೊಡುತ್ತೇನೆ, ಆಳುಗಳ ಮೇಲೆ ಮೇಸ್ತ್ರಿ ಮಾಡುತ್ತೇನೆ, ಇವತ್ತೇ ಕೈ ಪಳಗಿಸಿಕೋ, ಇವಳಿಗೆ ಚಾಟಿಯಲ್ಲಿ ಬಾರಿಸು ಎನ್ನುತ್ತಾನೆ. ಟಾಮ್ ಒಲ್ಲೆ ಎನ್ನುತ್ತಾನೆ. ಹಗಲೂ ರಾತ್ರಿ ದುಡಿಯುತ್ತೇನೆ, ಇದೊಂದು ಮಾತ್ರ ನನ್ನಿಂದಾಗದು. 1,200 ಡಾಲರ್ ರೊಕ್ಕ ಎಣಿಸಿ ನಿನ್ನನ್ನು ಕೊಂಡಿಲ್ಲವೇನೋ ಎಂದು ಲೆಗ್ರಿ ಬೂಟುಗಾಲಿನಲ್ಲಿ ಒದೆಯುತ್ತಾನೆ. ನನ್ನ ಆತ್ಮ ನಿಮ್ಮದಲ್ಲ ಧಣಿ, ಅದನ್ನು ನೀವು ಕೊಂಡಿಲ್ಲ, ಕೊಳ್ಳಲೂ ಆಗದು ಎಂಬುದು ಟಾಮ್‌ನ ಉತ್ತರ.

ಇಂದು ‘ಅಂಕಲ್ ಟಾಮ್’ ಎಂದು ಯಾರನ್ನಾದರೂ ಬೈದರೆ ಅರ್ಥವೇನು? ಬಿಳಿ ಧಣಿ ಕೊಟ್ಟ ಸಣ್ಣ ಅಧಿಕಾರಕ್ಕಾಗಿ ತನ್ನವರ ಮೇಲೆ ಚಾಟಿ ಎತ್ತುವವನು. ಟಾಮ್ ಬೇಡವೆಂದ ಕೆಲಸವೇ ಅದು. ಆ ಕೆಲಸ ಮಾಡುತ್ತಿದ್ದ ಇಬ್ಬರು ಅದೇ ತೋಟದಲ್ಲಿದ್ದಾರೆ, ಸಾಂಬೊ ಮತ್ತು ಕ್ವಿಂಬೊ. 40ನೇ ಅಧ್ಯಾಯದಲ್ಲಿ ಕ್ಯಾಸಿ, ಎಮೆಲಿನ್ ಎಂಬ ಇಬ್ಬರು ಹೆಂಗಸರು ತಪ್ಪಿಸಿಕೊಂಡಿರುತ್ತಾರೆ. ಅವರೆಲ್ಲಿದ್ದಾರೆಂದು ಟಾಮ್‌ಗೆ ಗೊತ್ತು. ಗೊತ್ತಿದೆ ಧಣಿ, ಆದರೆ ಹೇಳಲಾರೆ, ಸಾಯಬಲ್ಲೆ ಎನ್ನುತ್ತಾನೆ. ಅವನನ್ನು ಸಾಯುವಂತೆ ಬಡಿಯುವ ಕೈಗಳು ಸಾಂಬೊ ಮತ್ತು ಕ್ವಿಂಬೊರವು. ಕಡೆಗೆ ಅವರಿಬ್ಬರೂ ಅವನ ಪಕ್ಕ ಕೂತು ಅಳುತ್ತಾರೆ. ಬೈಗುಳ ತಪ್ಪು ಮನುಷ್ಯನ ಹೆಸರಿಗೆ ಅಂಟಿಕೊಂಡಿತು.

ಹಾಗಾದರೆ ಅಂಟಿಸಿದ್ದು ಯಾರು?

ಬಹುಪಾಲು ರಂಗಭೂಮಿ. ಆಗಿನ ಅಮೆರಿಕದ ಕಾಯಿದೆಯಲ್ಲಿ ಕಾದಂಬರಿಯನ್ನು ನಾಟಕ ಮಾಡುವ ಹಕ್ಕು ಬರೆದವರ ಕೈಯಲ್ಲಿರಲಿಲ್ಲ, ಅದು ಬಂದದ್ದು 1870ರಲ್ಲಿ. ಹಾಗಾಗಿ ಯಾವ ಕಂಪನಿ ಬೇಕಾದರೂ ಸ್ಟೋ ಅವರನ್ನು ಕೇಳದೆ ಕಥೆಯನ್ನು ಹೇಗೆ ಬೇಕಾದರೂ ಕತ್ತರಿಸಿ ಆಡಬಹುದಿತ್ತು. 1852ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಜಾರ್ಜ್ ಐಕನ್ ಬರೆದ ನಾಟಕ ಶುರುವಾಯಿತು. ಅದು ಮೂಲಕ್ಕೆ ಸಾಕಷ್ಟು ಹತ್ತಿರವಿತ್ತು, ಟಾಮ್ ಅದರಲ್ಲೂ ಸಾಯುತ್ತಾನೆ. ಎಚ್. ಜೆ. ಕಾನ್‌ವೇ ಬರೆದ ಇನ್ನೊಂದು ನಾಟಕದಲ್ಲಿ ಟಾಮ್ ಬದುಕಿ ಉಳಿದು ಕಥೆ ಸುಖಾಂತವಾಯಿತು. ಅವನ ಸಾವು ಹೋದರೆ ಅವನ ‘ಒಲ್ಲೆ’ ಕೂಡ ಹೋಯಿತು, ಉಳಿಯುವುದು ಬರೀ ವಿಧೇಯತೆ.

ಆಮೇಲೆ ಹತ್ತಾರು ವರ್ಷ ‘ಟಾಮ್ ಷೋ’ ಎಂಬ ಹೆಸರಿನಲ್ಲಿ ಊರೂರು ತಿರುಗಿದ ಕಂಪನಿಗಳು ಇದನ್ನು ತಮಾಷೆಯ ಆಟವಾಗಿಸಿದವು. ಬಿಳಿ ನಟರು ಸುಟ್ಟ ಕಾರ್ಕಿನ ಮಸಿ ಬಳಿದುಕೊಂಡು ಕಪ್ಪು ಪಾತ್ರ ಮಾಡಿದರು. ಮಧ್ಯೆ ಮಧ್ಯೆ ಹಾಡು, ಬ್ಯಾಂಜೊ, ಕುಣಿತ. ಎಲೈಜಾಳ ಹಿಂದೆ ಬೇಟೆನಾಯಿಗಳನ್ನು ಬಿಟ್ಟರು; ಪುಸ್ತಕದಲ್ಲಿ ಅವಳು ನದಿ ದಾಟುವಾಗ ನಾಯಿಗಳಿಲ್ಲ. ಕೆಲವು ಕಂಪನಿಗಳು ಜನ ಸೇರಲೆಂದು ಕಾದಂಬರಿಯ ತುಂಟ ಗುಲಾಮ ಹುಡುಗಿ ಟಾಪ್ಸಿಯ ಪಾತ್ರದಲ್ಲಿ ಇಬ್ಬಿಬ್ಬರನ್ನು ಕುಣಿಸಿದವು. ಇಂಥದ್ದರ ನಡುವೆ ಟಾಮ್ ತಲೆ ನೆರೆತ, ಬೆನ್ನು ಬಾಗಿದ, ಹಲ್ಲುಗಿಂಜುವ ಮುದುಕನಾದ. 1903ರ ಮೂಕಿ ಚಿತ್ರದಲ್ಲೂ ಮಸಿ ಬಳಿದ ಬಿಳಿ ನಟರೇ. ಕಪ್ಪು ನಟ ಸ್ಯಾಮ್ ಲ್ಯೂಕಸ್ ತೆರೆಯ ಮೇಲೆ ಟಾಮ್ ಆದದ್ದು 1914ರಲ್ಲಿ. ಅಷ್ಟರಲ್ಲಿ ಪುಸ್ತಕ ಓದಿದವರಿಗಿಂತ ಆಟ ನೋಡಿದವರೇ ಹೆಚ್ಚಾಗಿದ್ದರು. 1920ರ ಆಸುಪಾಸಿನ ಕಪ್ಪು ತರುಣರಿಗೆ ‘ಟಾಮ್’ ಎಂದರೆ ಕಣ್ಣಿಗೆ ಬರುತ್ತಿದ್ದವನು ಈ ಮುದುಕ. ಅವನ ಮೇಲೆ ಅವರಿಗೆ ಸಿಟ್ಟು ಬಂದದ್ದು ನ್ಯಾಯವೇ ಆಗಿತ್ತು.

ಈ ಕಾರಣಕ್ಕೇ ಟಿಪ್ಪಣಿ ಬರೆಯುವವರು ಒಂದು ಕಡೆ ಕೈ ತಡೆಯಬೇಕು. ‘ಪುಸ್ತಕ ಓದದ ಅಜ್ಞಾನದಿಂದ ಹುಟ್ಟಿದ ಬೈಗುಳ’ ಎಂದು ಬರೆಯಬೇಡಿ. ಪುಸ್ತಕವನ್ನು ಚೆನ್ನಾಗಿ ಓದಿಯೇ ತಕರಾರು ಎತ್ತಿದವರು ಮೊದಲಿನಿಂದ ಇದ್ದಾರೆ. ಆ ಕಾಲದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಪುಸ್ತಕವನ್ನು ಹೊಗಳಿದ ಕಾಲದಲ್ಲೇ ಇನ್ನೊಬ್ಬ ಕಪ್ಪು ನಾಯಕ ಮಾರ್ಟಿನ್ ಡಿಲೇನಿ ಅದನ್ನು ಟೀಕಿಸಿ ಡಗ್ಲಸ್ ಅವರ ಪತ್ರಿಕೆಗೇ ಕಾಗದ ಬರೆದರು. ಆಫ್ರಿಕಾ ಮೂಲದವರು ಹುಟ್ಟಾ ಸೌಮ್ಯರು, ಭಕ್ತಿವಂತರು ಎಂಬ ಮಾತನ್ನು ಸ್ಟೋ ಮತ್ತೆ ಮತ್ತೆ ಹೇಳುತ್ತಾರೆ. ಎದುರು ನಿಲ್ಲುವ ಜಾರ್ಜ್ ಹ್ಯಾರಿಸ್‌ನನ್ನು, ಅಂದರೆ ಎಲೈಜಾಳ ಗಂಡನನ್ನು, ಕಡೆಗೆ ಅಮೆರಿಕದಲ್ಲಿ ಉಳಿಸದೆ ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸುತ್ತಾರೆ. 1949ರಲ್ಲಿ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಈ ಕಾದಂಬರಿಯ ಮೇಲೆ ಬರೆದ ಕಟುವಾದ ಪ್ರಬಂಧ ನಾಟಕವನ್ನಲ್ಲ, ಪುಸ್ತಕವನ್ನೇ ಹಿಡಿದು ಬರೆದದ್ದು. ಬೈಗುಳದ ಬೇರು ಹೆಚ್ಚಾಗಿ ನಾಟಕದಲ್ಲಿದೆ, ಆದರೆ ಒಂದು ಎಳೆ ಪುಸ್ತಕದೊಳಗೂ ಹೋಗಿದೆ.

ಇನ್ನೊಂದು ಎಚ್ಚರಿಕೆ. ‘ಇಷ್ಟು ದೊಡ್ಡ ಯುದ್ಧ ಹಚ್ಚಿದ ಪುಟ್ಟ ಹೆಂಗಸು ನೀವೇನಾ’ ಎಂದು ಲಿಂಕನ್ ಸ್ಟೋ ಅವರನ್ನು ಕೇಳಿದ ಕಥೆಯನ್ನು ಪೀಠಿಕೆಯಲ್ಲಿ ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಆ ಕಾಲದ ಯಾವ ದಾಖಲೆಯೂ ಅದಕ್ಕಿಲ್ಲ. ಬಿಟ್ಟುಬಿಡಿ.

ಇಸವಿ ನೋಡಿ

ನಿಮ್ಮ ಮೂಲ ಪಠ್ಯ ಯಾವ ವರ್ಷದ್ದು, ಅದರೊಳಗಿನ ಮಾತು ಯಾವ ವರ್ಷದ್ದು, ಎರಡನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. 1850ರ ದಶಕದ ಗುಲಾಮಗಿರಿ ವಿರೋಧಿ ಬರಹದಲ್ಲಿ ಟಾಮ್ ಹುತಾತ್ಮ. 19ನೇ ಶತಮಾನದ ಕೊನೆಗೆ ದಕ್ಷಿಣದ ಬಿಳಿಯರ ನೆನಪುಗಳಲ್ಲಿ ಅದು ಮೆಚ್ಚುಗೆ: ನಿಯತ್ತಿನ ಹಳೇ ಆಳು. ಹೊಗಳುವವರು ಯಾರು ಎಂದು ನೋಡಿದರೆ, ಮುಂದೆ ಅದು ಬೈಗುಳವಾದದ್ದು ಏಕೆಂದು ಅರ್ಥವಾಗುತ್ತದೆ. 1920ರ ಹೊತ್ತಿಗೆ ಕಪ್ಪು ಜನರ ಸ್ವಾಭಿಮಾನಕ್ಕಾಗಿ ಹೋರಾಡಿದ ಮಾರ್ಕಸ್ ಗಾರ್ವಿಯ ಚಳವಳಿಯ ವೇದಿಕೆಯಲ್ಲಿ ಅದು ನೇರ ಬೈಗುಳ. 1938ರಲ್ಲಿ ಕಪ್ಪು ಕಥೆಗಾರ ರಿಚರ್ಡ್ ರೈಟ್ ತಮ್ಮ ಕಥಾಸಂಕಲನಕ್ಕೆ ‘ಅಂಕಲ್ ಟಾಮ್ಸ್ ಚಿಲ್ಡ್ರನ್’ ಎಂದು ಹೆಸರಿಟ್ಟಾಗ, ಆ ಕಾಲ ಮುಗಿಯಿತು, ಇವರು ಬಗ್ಗದ ಮಕ್ಕಳು ಎಂಬ ಧ್ವನಿ ಅದರಲ್ಲಿದೆ. 1960ರ ದಶಕದಲ್ಲಿ ಅದು ಎಲ್ಲರ ಬಾಯಿಗೂ ಬಂತು. 1963ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಕಪ್ಪು ಹೋರಾಟಗಾರ ಮಾಲ್ಕಮ್ ಎಕ್ಸ್ ಮಾಡಿದ ಭಾಷಣದಲ್ಲಿ ಮನೆಯೊಳಗಿನ ಗುಲಾಮ, ಹೊಲದ ಗುಲಾಮ ಎಂಬ ಎರಡು ಜಾತಿ ಬರುತ್ತವೆ. ಧಣಿಯ ಮನೆಯೊಳಗೆ ಉಂಡು ಹೊಲದವರನ್ನು ಹದ್ದಿನಲ್ಲಿಡುವವನಿಗೆ ಅವರು ಟಾಮ್ ಎಂದರು.

ಈ ಭಾಷಣ ಅನುವಾದಿಸುವಾಗ ಪುಸ್ತಕದ ಟಾಮ್‌ನನ್ನು ನೆನೆಸಿಕೊಂಡು ತಿದ್ದಲು ಹೋಗಬೇಡಿ. ಪುಸ್ತಕದಲ್ಲಿ ಅವನು ಷೆಲ್ಬಿಯ ಹೊಲದ ಉಸ್ತುವಾರಿ ನೋಡುತ್ತಾನೆ, ಲೆಗ್ರಿಯ ತೋಟದಲ್ಲಿ ಹತ್ತಿ ಬಿಡಿಸುತ್ತಾನೆ, ನಿಜ. ಆದರೆ ಮಾಲ್ಕಮ್ ಎಕ್ಸ್ ಮಾತಾಡುತ್ತಿರುವುದು ಮೂರನೆಯ ಟಾಮ್ ಬಗ್ಗೆ. ಅಲ್ಲಿ ಅವರ ಅರ್ಥವೇ ಅರ್ಥ.

ಯಾರು, ಯಾರಿಗೆ, ಯಾವುದಕ್ಕೆ

ಒಬ್ಬ ಕಪ್ಪು ಮನುಷ್ಯ ಇನ್ನೊಬ್ಬ ಕಪ್ಪು ಮನುಷ್ಯನಿಗೆ ಇದನ್ನು ಹೇಳಿದರೆ ಅದು ಮನೆಯೊಳಗಿನ ಜಗಳ, ನಿಷ್ಠೆಯ ಪ್ರಶ್ನೆ. ಅದೇ ಮಾತನ್ನು ಬಿಳಿಯರೋ ನಮ್ಮಂಥ ಹೊರಗಿನವರೋ ಹೇಳಿದರೆ, ಕಪ್ಪು ಮನುಷ್ಯ ಹೇಗಿರಬೇಕೆಂದು ನಾವು ತೀರ್ಮಾನ ಕೊಟ್ಟಂತೆ. ಆಗ ಅದು ಜನಾಂಗದ ಬೈಗುಳ. ಆದ್ದರಿಂದ ಪತ್ರಿಕೆಯವರಿಗೆ ನಿಯಮ ಕಟ್ಟುನಿಟ್ಟು: ಆ ಪದ ಯಾರ ಬಾಯಿಂದ ಬಂತೋ ಅವರ ಹೆಸರಿನ ಜೊತೆ, ಉದ್ಧರಣ ಚಿಹ್ನೆಯೊಳಗೆ ಮಾತ್ರ. ‘ಅಂಕಲ್ ಟಾಮ್ ಎಂದು ಜರೆದರು’ ಸರಿ. ‘ಅಂಕಲ್ ಟಾಮ್ ಆಗಿರುವ ಈ ನಾಯಕ’ ಎಂದು ವರದಿಗಾರರೇ ಬರೆದರೆ ಆ ಬೈಗುಳಕ್ಕೆ ಪತ್ರಿಕೆಯೇ ಹೊಣೆ.

ಆಮೇಲೆ ಬೈಗುಳದ ಮೊನೆ ಎತ್ತ ಇದೆ ನೋಡಿ. ಮೂರು ಬಗೆ ಇವೆ, ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತು ಬೇಕು.

ದೊಡ್ಡವರ ಮುಂದೆ ಬಗ್ಗುವುದಕ್ಕೆ ಬೈದಿದ್ದರೆ ‘ಬಾಲಬಡುಕ’, ‘ಗುಲಾಮ’, ‘ಜೀ ಹುಜೂರ್ ಅನ್ನೋನು’ ಹೊಂದುತ್ತವೆ. ‘ಬಕೆಟ್ ಹಿಡಿಯೋನು’ ನಾಲಿಗೆಗೆ ಬೇಗ ಬರುತ್ತದೆ, ಆದರೆ ಅದು ಆಫೀಸು, ಕಾಲೇಜಿನ ಹಗುರ ಮಾತು. ಇನ್ನೂರೈವತ್ತು ವರ್ಷದ ಗುಲಾಮಗಿರಿಯ ಭಾರ ಅದು ಹೊರಲಾರದು.

ತನ್ನವರಿಗೆ ದ್ರೋಹ ಬಗೆದದ್ದಕ್ಕೆ ಬೈದಿದ್ದರೆ ನಮ್ಮ ಗಾದೆಯೊಂದು ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ: ಕೊಡಲಿ ಕಾವು ಕುಲಕ್ಕೆ ಸಾವು. ಮರ ಕಡಿಯುವ ಕೊಡಲಿಯ ಹಿಡಿ ಮರದ್ದೇ. ಭಾಷಣದ ಅನುವಾದದಲ್ಲಿ ‘ಇವರು ಕೊಡಲಿ ಕಾವುಗಳು’ ಎಂದರೆ ಅಡಿಟಿಪ್ಪಣಿಯೇ ಬೇಡ. ರಾಜಕೀಯ ಸಂದರ್ಭಕ್ಕೆ ‘ಚಮಚಾ’ ಇನ್ನೂ ಹತ್ತಿರ. 1982ರಲ್ಲಿ, ಪೂನಾ ಒಪ್ಪಂದಕ್ಕೆ ಐವತ್ತು ವರ್ಷವಾದಾಗ, ಕಾನ್ಶೀರಾಮ್ ‘ಚಮಚಾ ಯುಗ’ ಎಂಬ ಪುಸ್ತಕ ಬರೆದು, ಮೇಲ್ಜಾತಿಯವರ ಕೈಯಲ್ಲಿ ಸಲಕರಣೆಯಾದ ದಲಿತ ನಾಯಕರಿಗೆ ಆ ಪದ ಬಳಸಿದರು. ಅಲ್ಲಿಂದ ಅದಕ್ಕೆ ಬರಿಯ ಹೊಗಳುಭಟ ಎಂಬುದಕ್ಕಿಂತ ಗಟ್ಟಿಯಾದ ಅರ್ಥ ಬಂದಿದೆ. ಎರಡು ನಾಡುಗಳ ಈ ನಂಟು ಹಳೆಯದು. ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್ ಅಮೆರಿಕದ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆದರು.

ಬಿಳಿಯರ ಮುಂದೆ ನಕ್ಕು, ಕುಣಿದು ಖುಷಿಪಡಿಸುವುದಕ್ಕೆ ಬೈದಿದ್ದರೆ ‘ಹಲ್ಲುಗಿಂಜುವವನು’ ಎಂಬುದೇ ಸರಿ. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ಅಂಕಲ್ ಟಾಮ್ ಎಂದದ್ದು ಈ ಅರ್ಥದಲ್ಲಿ, ವೇದಿಕೆಯ ಮೇಲಿನ ಆ ಅಗಲ ನಗುವಿಗೆ. ಅದೇ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಲಿಟಲ್ ರಾಕ್ ಊರಿನ ಬಿಳಿಯರ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುವ ವಿಚಾರದಲ್ಲಿ ಗಲಾಟೆಯಾದಾಗ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೇ ಬಹಿರಂಗವಾಗಿ ಟೀಕಿಸಿ, ಸರ್ಕಾರದ ಪರವಾಗಿ ಹೋಗಬೇಕಿದ್ದ ಸೋವಿಯತ್ ಪ್ರವಾಸವನ್ನು ಬಿಟ್ಟುಕೊಟ್ಟರು. ಈ ಬೈಗುಳ ಬಿದ್ದವರ ಪಟ್ಟಿ ಮಾಡುವಾಗ ಅವರ ಬದುಕಿನ ಮುಂದಿನ ಪುಟವನ್ನೂ ಒಂದು ಸಾಲಿನಲ್ಲಿ ಕೊಡಿ, ಇಲ್ಲದಿದ್ದರೆ ನಿಮ್ಮ ಟಿಪ್ಪಣಿಯೇ ಒಂದು ಸುಳ್ಳಾಗುತ್ತದೆ.

ನಮ್ಮ ಪುರಾಣದ ಹೆಸರು ಹಾಕುವ ಆಸೆಯನ್ನು ತಡೆದುಕೊಳ್ಳಿ. ‘ವಿಭೀಷಣ’ ಎಂದರೆ ಮನೆಯ ಗುಟ್ಟು ಬಿಟ್ಟುಕೊಟ್ಟವನು ಎಂದು ಆಡುಮಾತಿನಲ್ಲಿ ಬಳಸುವುದುಂಟು, ರಾಮಾಯಣದಲ್ಲಿ ಅವನು ಧರ್ಮದ ಕಡೆ ನಿಂತವನು. ಕಥೆಯಲ್ಲಿ ಒಳ್ಳೆಯವನು, ಬೈಗುಳದಲ್ಲಿ ಕೆಟ್ಟವನು. ಈ ಮಟ್ಟಿಗೆ ಟಾಮ್‌ಗೆ ಅವನು ಜೋಡಿ. ಪಾಠ ಹೇಳುವಾಗ ಹೋಲಿಸಿ, ಮಕ್ಕಳಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ. ಅನುವಾದದಲ್ಲಿ ಬೇಡ: ವಿಭೀಷಣ ಪಕ್ಷ ಬದಲಿಸಿದವನು, ಟಾಮ್ ಬದಲಿಸಲಿಲ್ಲ, ಮೇಲಾಗಿ ಡೆಟ್ರಾಯಿಟ್‌ನ ಸಭೆಯಲ್ಲಿ ಲಂಕೆ ಎದ್ದು ನಿಂತರೆ ಓದುಗ ಎಲ್ಲಿದ್ದೇನೆಂದು ಕಣ್ಣು ಪಿಳುಕಿಸುತ್ತಾನೆ. ‘ಮೀರ್ ಸಾದಿಕ್’ ಕೂಡ ಬೇಡ. ಅದು ಕೋಟೆ ಬಾಗಿಲಿನ ದ್ರೋಹ, ಇದರಲ್ಲಿರುವ ಗುಲಾಮಿತನ ಅದರಲ್ಲಿಲ್ಲ.

ಮಾಡಿ ನೋಡಿ

ಹೆಸರನ್ನು ಉಳಿಸಬೇಕೋ ಬಿಡಬೇಕೋ? ಪುಸ್ತಕವಾದರೆ ಉಳಿಸಿ, ಮೊದಲ ಸಲ ಬರುವಾಗ ಅರ್ಥವನ್ನು ಅದೇ ವಾಕ್ಯದಲ್ಲಿ ಪಕ್ಕಕ್ಕೆ ಕೂರಿಸಿ: ‘ಇವರೆಲ್ಲ ಅಂಕಲ್ ಟಾಮ್‌ಗಳು, ಬಿಳಿ ಧಣಿಯ ಚಮಚಾಗಳು.’ ಎರಡನೇ ಸಲದಿಂದ ಹೆಸರೊಂದೇ ಸಾಕು. ಆವರಣದಲ್ಲಿ ಅರ್ಥ ಹಾಕಿದರೆ ಭಾಷಣದ ಉಸಿರು ಕತ್ತರಿಸಿಹೋಗುತ್ತದೆ.

ಉಪಶೀರ್ಷಿಕೆಗೆ ಇಷ್ಟು ಜಾಗವಿಲ್ಲ. ಎರಡೇ ಸಾಲು, ಕೆಲವೇ ಕ್ಷಣ. ಅಲ್ಲಿ ಹೆಸರು ಬಿಟ್ಟು ಬೈಗುಳ ಉಳಿಸಿ. 1967ರ ಫೆಬ್ರುವರಿ 6ರಂದು ಹ್ಯೂಸ್ಟನ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಎರ್ನಿ ಟೆರೆಲ್ ನಡುವೆ 15 ಸುತ್ತಿನ ಪಂದ್ಯ ನಡೆಯಿತು. ಅಲಿಯ ಹೊಸ ಹೆಸರನ್ನು ಟೆರೆಲ್ ಒಪ್ಪದೆ ಹಳೆಯ ಹೆಸರಿನಿಂದ ಕ್ಯಾಸಿಯಸ್ ಕ್ಲೇ ಎಂದೇ ಕರೆದಿದ್ದಕ್ಕೆ, ಅಲಿ ಟೆರೆಲ್‌ರನ್ನು ಅಂಕಲ್ ಟಾಮ್ ಎಂದು ಬೈದು, ರಿಂಗಿನೊಳಗೆ ‘ನನ್ನ ಹೆಸರೇನು’ ಎಂದು ಕೇಳುತ್ತಾ ಹೊಡೆದರು. ಕ್ಲೇ ಎಂಬುದು ಅಲಿಗೆ ಗುಲಾಮರ ಹೆಸರು. ಆದ್ದರಿಂದ ಇಂಥ ದೃಶ್ಯಕ್ಕೆ ‘ನನ್ನ ಹೆಸರೇನೋ, ಗುಲಾಮ?’ ಎಂದರೆ ಎರಡೂ ಎಳೆ ಒಂದೇ ಪದದಲ್ಲಿ ಸಿಗುತ್ತವೆ. ‘ಬಾಲಬಡುಕ’ ಹಾಕಿದರೆ ಹೆಸರಿನ ಎಳೆ ತಪ್ಪಿಹೋಗುತ್ತದೆ.

ಇಂಗ್ಲಿಷಿನಲ್ಲಿ ‘ಟಾಮ್’ ಕ್ರಿಯಾಪದವೂ ಆಗುತ್ತದೆ. ದೊಡ್ಡಮ್ಮ ಒಬ್ಬಳು ಮನೆಗೆ ಬಂದ ಹುಡುಗನಿಗೆ, ಹೊರಗೆ ಟಾಮ್ ಮಾಡಿ ಬಂದು ಇಲ್ಲಿ ನನಗೆ ಬುದ್ಧಿ ಹೇಳಬೇಡ ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ‘ಅವರ ಮುಂದೆ ಹಲ್ಲುಗಿಂಜಿ ಬಂದು ನನಗೆ ಬುದ್ಧಿ ಹೇಳ್ತೀಯೇನೋ’ ಎಂದರೆ ಮುಗಿಯಿತು. ಇನ್ನು 1890ರ ಬಿಳಿ ಯಜಮಾನಿಯ ಬಾಯಲ್ಲಿ ಅದೇ ಹೆಸರು ಹೊಗಳಿಕೆಯಾಗಿ ಬಂದರೆ ‘ನಮ್ಮನೇಲೇ ಸವೆದ ನಿಯತ್ತಿನ ಆಳು’ ಎಂದಿರಲಿ. ಅಲ್ಲಿ ಬೈಗುಳ ಹಾಕಿದರೆ ಪಾತ್ರವೇ ತಿರುಗಿಬೀಳುತ್ತದೆ.

ಕಾದಂಬರಿಯನ್ನೇ ಅನುವಾದಿಸುವವರಿಗೆ ದೊಡ್ಡ ಕಷ್ಟ ಬಹುವಚನದಲ್ಲಿದೆ. ಟಾಮ್ ಲೆಗ್ರಿಗೆ ಒಲ್ಲೆ ಎನ್ನುವಾಗಲೂ ‘ಧಣಿ’ ಎಂದೇ ಕರೆಯುತ್ತಾನೆ. ‘ನೀನು’ ಹಾಕಿದರೆ ಸಿನಿಮಾ ನಾಯಕನ ಸವಾಲಾಗುತ್ತದೆ. ‘ಅಪ್ಪಾ ಧಣಿ, ತಾವು ದೊಡ್ಡವರು, ಕ್ಷಮಿಸಬೇಕು’ ಎಂದು ಎಳೆದರೆ ನಾಟಕದ ಮುದುಕ ಎದ್ದು ಬರುತ್ತಾನೆ. ಕರೆಯುವುದರಲ್ಲಿ ಮರ್ಯಾದೆ ಉಳಿಸಿ, ಕ್ರಿಯಾಪದವನ್ನು ಬೋಳಾಗಿಡಿ: ‘ಧಣಿ, ಈ ಕೆಲಸ ನಾನು ಮಾಡಲ್ಲ. ಎಂದೂ ಮಾಡಲ್ಲ.’ ಕೈಮುಗಿಯುವ ಪದ ಒಂದೂ ಬೇಡ.

ಕನ್ನಡ ಕಿವಿ ಎಡವುವ ಜಾಗಗಳು

‘ಅಂಕಲ್’ ಮೊದಲನೆಯದು. ನಮಗೆ ಅದು ಪಕ್ಕದ ಮನೆಯ ಯಜಮಾನರಿಗೆ ಕೊಡುವ ಮರ್ಯಾದೆ. ದಕ್ಷಿಣ ಅಮೆರಿಕದ ರಾಜ್ಯಗಳಲ್ಲಿ ಎಂದು ಬರೆದು ಬ್ರೆಜಿಲ್ ಕಡೆ ಹೊರಟುಬಿಡಬೇಡಿ, ಹೇಳುತ್ತಿರುವುದು ಅಮೆರಿಕದ ದಕ್ಷಿಣದ ರಾಜ್ಯಗಳ ಮಾತು. ಅಲ್ಲಿ ಬಿಳಿಯರು ಕಪ್ಪು ಜನರಿಗೆ ‘ಮಿಸ್ಟರ್’, ‘ಮಿಸೆಸ್’ ಎನ್ನುತ್ತಿರಲಿಲ್ಲ. ವಯಸ್ಸಾದ ಗಂಡಸಿಗೆ ‘ಅಂಕಲ್’, ಹೆಂಗಸಿಗೆ ‘ಆಂಟಿ’. ಮರ್ಯಾದೆ ತಪ್ಪಿಸಲು ಕಂಡುಕೊಂಡ ಉಪಾಯ ಅದು. ‘ಅಂಕಲ್ ಬೆನ್ಸ್’ ಅಕ್ಕಿ, ‘ಆಂಟ್ ಜೆಮೈಮಾ’ ಪ್ಯಾನ್‌ಕೇಕ್ ಹಿಟ್ಟು ಈ ಹೆಸರುಗಳನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ‘ಮಾಮ’ ಎಂದು ಅನುವಾದಿಸದೆ ‘ಅಂಕಲ್’ ಎಂದೇ ಬಿಟ್ಟು, ಟಿಪ್ಪಣಿಯ ಮೊದಲ ಸಾಲಿನಲ್ಲೇ ಇದನ್ನು ಹೇಳಿ.

‘ಕ್ಯಾಬಿನ್’ ಎಂದರೆ ಇವತ್ತು ಬಾಸ್ ಕೂರುವ ಗಾಜಿನ ಕೋಣೆ, ಇಲ್ಲವೇ ಲಾರಿ ಡ್ರೈವರ್ ಕೂರುವ ಜಾಗ. ಕಾದಂಬರಿಯದು ಮರದ ದಿಮ್ಮಿ ಜೋಡಿಸಿ ಕಟ್ಟಿದ ಗುಡಿಸಲು. ಶೀರ್ಷಿಕೆಯಲ್ಲಿ ಬೇಕಾದರೆ ಇರಲಿ, ಒಳಪುಟಗಳಲ್ಲಿ ‘ಗುಡಿಸಲು’ ಎನ್ನಿ. ‘ಜೀತದಾಳು’ ಕೂಡ ಹೊಂದದು. ಜೀತದ ಹಿಂದೆ ಸಾಲದ ಲೆಕ್ಕ ಇರುತ್ತದೆ. ಇವರು ಮಾರಲು, ಅಡ ಇಡಲು ಆಗುವ ಸೊತ್ತು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ‘ಗುಲಾಮ’ ಎಂದೇ ಬರೆಯಬೇಕು.

‘ಸಾಂಬೊ’ ಎಂದು ಓದಿದಾಗ ನಮ್ಮ ಕಿವಿಗೆ ಸಾಂಬಶಿವ ಕೇಳಿಸುತ್ತಾನೆ. ಅಮೆರಿಕದಲ್ಲಿ ಅದೂ ಹಳೆಯ ಬೈಗುಳ. 1899ರಲ್ಲಿ ಬಂದ, ಹುಲಿಗಳು ಓಡಿ ಓಡಿ ತುಪ್ಪವಾಗುವ ಮಕ್ಕಳ ಕಥೆಯನ್ನು ಬರೆದ ಹೆಲೆನ್ ಬ್ಯಾನರ್‌ಮನ್ ಮದರಾಸಿನ ಕಡೆ ಬದುಕಿದ ಸ್ಕಾಟಿಷ್ ಮಹಿಳೆ. ಅಲ್ಲಿನ ಹುಡುಗನ ಹೆಸರೂ ಸಾಂಬೊ. ಎರಡನ್ನು ಕಲಸಬೇಡಿ, ಲೆಗ್ರಿಯ ತೋಟದ ಸಾಂಬೊ ಅದಕ್ಕಿಂತ 47 ವರ್ಷ ಹಿರಿಯ.

ಬಡ್ಡಿ ವಸೂಲಿಯ ಸುದ್ದಿಗೆ ‘ಶೈಲಾಕ್’ ಎಂದು ತಲೆಬರಹ ಕೊಡುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಷೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಯೆಹೂದಿ ಲೇವಾದೇವಿಗಾರನ ಹೆಸರು ಅದು, ಯೆಹೂದಿಗಳಿಗೆ ನೋವಾಗುವ ಬೈಗುಳ. 2014ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಭಾಷಣದಲ್ಲಿ ಆ ಪದ ಬಳಸಿ, ತಪ್ಪಾಯಿತು ಎಂದು ಹೇಳಬೇಕಾಯಿತು. ‘ಮೀಟರ್ ಬಡ್ಡಿಯವನು’ ಎಂಬ ನಮ್ಮದೇ ಪದ ಇರುವಾಗ ವೆನಿಸ್‌ಗೆ ಹೋಗುವುದೇಕೆ?

ಬ್ರಿಟನ್ನಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಬೀಳುವ ‘ಕೋಕೊನಟ್’ ಇದೇ ಬಳಗದ್ದು: ಹೊರಗೆ ಕಂದು, ಒಳಗೆ ಬಿಳಿ. ಕಥೆಯಲ್ಲಿ ಅದು ಬಂದಾಗ ‘ತೆಂಗಿನಕಾಯಿ’ ಎಂದು ಅನುವಾದಿಸಿದರೆ ಪೂಜೆಯ ತಟ್ಟೆ ನೆನಪಾಗುತ್ತದೆ. ‘ಕೋಕೊನಟ್’ ಎಂದೇ ಇಟ್ಟು, ಹೊರಗೊಂದು ಒಳಗೊಂದು ಎಂಬ ಮಾತನ್ನು ಪಕ್ಕದ ವಾಕ್ಯದಲ್ಲಿ ಯಾರಾದರೂ ಆಡುವಂತೆ ಮಾಡಿ.

ಟಿಪ್ಪಣಿ ಮತ್ತು ಪದಸೂಚಿ

ಟಿಪ್ಪಣಿ ನಾಲ್ಕು ವಾಕ್ಯ ದಾಟಬಾರದು. ಒಂದು ಮಾದರಿ:

‘ಅಂಕಲ್: ಕಪ್ಪು ಹಿರಿಯರಿಗೆ ಬಿಳಿಯರು ಗೌರವಸೂಚಕದ ಬದಲು ಬಳಸುತ್ತಿದ್ದ ಪದ. ಟಾಮ್: ಸ್ಟೋ ಅವರ 1852ರ ಕಾದಂಬರಿಯ ನಾಯಕ, ಓಡಿಹೋದ ಇಬ್ಬರು ಹೆಂಗಸರ ಸುಳಿವು ಕೊಡಲು ಒಪ್ಪದೆ ಪ್ರಾಣ ಬಿಟ್ಟವನು. ಮುಂದೆ ನಾಟಕಗಳು ಅವನನ್ನು ಹಲ್ಲುಗಿಂಜುವ ಮುದುಕನನ್ನಾಗಿ ತೋರಿಸಿದವು. 20ನೇ ಶತಮಾನದಲ್ಲಿ ಈ ಹೆಸರು, ಬಿಳಿಯರ ಮರ್ಜಿಗೆ ತನ್ನವರನ್ನು ಬಿಟ್ಟುಕೊಟ್ಟವನು ಎಂಬ ಬೈಗುಳವಾಯಿತು.’

ಜೋಸಾಯ ಹೆನ್ಸನ್ ಅವರ ಹೆಸರು ಸೇರಿಸುವುದಾದರೆ ‘ನಿಜವಾದ ಅಂಕಲ್ ಟಾಮ್’ ಎಂದು ಬರೆಯಬೇಡಿ. 1830ರಲ್ಲಿ ಕೆನಡಾಕ್ಕೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಬಿಡುಗಡೆಯಾದವರ ನೆಲೆ ಕಟ್ಟಿದ ಅವರ ಆತ್ಮಕಥೆ 1849ರಲ್ಲೇ ಬಂದಿತ್ತು, ಸ್ಟೋ ಅದನ್ನು ತಮ್ಮ ಆಕರಗಳಲ್ಲಿ ಒಂದೆಂದು ಹೇಳಿದರು. ಒಂಟಾರಿಯೊದ ಡ್ರೆಸ್‌ಡೆನ್ ಬಳಿ ಅವರ ಮನೆಯಿರುವ ಜಾಗ ಬಹುಕಾಲ ಅಂಕಲ್ ಟಾಮ್ ಹೆಸರಿನಲ್ಲೇ ಇತ್ತು. 2022ರಲ್ಲಿ ಅದನ್ನು ಬದಲಿಸಿ ಹೆನ್ಸನ್ ಅವರದೇ ಹೆಸರಿಟ್ಟರು.

ಪುಸ್ತಕದ ಕೊನೆಯ ಪದಸೂಚಿಯಲ್ಲಿ ಎರಡು ನಮೂದು ಮಾಡಿ: ‘ಟಾಮ್, ಕಾದಂಬರಿಯ ಪಾತ್ರ’ ಒಂದು, ‘ಅಂಕಲ್ ಟಾಮ್, ಬೈಗುಳ’ ಇನ್ನೊಂದು. ಪುಟಸಂಖ್ಯೆಗಳನ್ನು ಹಂಚುವಾಗ ಯಾವುದಾದರೂ ಪುಟ ಎಲ್ಲಿಗೆ ಸೇರುತ್ತದೆಂದು ತಿಳಿಯದೆ ಕೈ ನಿಂತರೆ, ಆ ಪುಟದ ಅನುವಾದವನ್ನು ಇನ್ನೊಮ್ಮೆ ತೆಗೆದು ನೋಡಿ.